ಹಳೆಯ ಮರದ ಮನೆಯ ಗೋಡೆಗೆ ಹೊರಗಿನಿಂದ ಫೋಮ್ ತುಂಬಿಸಬಹುದೇ?

ಅಮೆರಿಕದ ವೂಸ್ಟರ್ ಹತ್ತಿರ 1928ರ ಮರದ ಮನೆ ಕೊಂಡಿದ್ದೀರಿ, ಗೋಡೆಯೊಳಗೆ ಚಳಿ ತಡೆಯುವ ಇನ್ಸುಲೇಶನ್ ಇಲ್ಲ, ಹೊರಗಿನಿಂದ ತೂತು ಕೊರೆದು ಫೋಮ್ ತುಂಬಿಸ್ತೀವಿ ಅಂತ ಒಬ್ಬರು ಕೊಟೇಶನ್ ಕೊಟ್ಟಿದ್ದಾರೆ, ಒಪ್ಪಿಕೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಸಹಿ ಹಾಕಬೇಡಿ.

ನಮ್ಮದೂ ಮ್ಯಾಸಚೂಸೆಟ್ಸ್‌ನಲ್ಲಿ ಅದೇ ಕಾಲದ ಮನೆ. ಆರು ವರ್ಷದ ಹಿಂದೆ ಉತ್ತರದ ಗೋಡೆಗೆ ಫೋಮ್ ಹಾಕಿಸಿದೆವು. ಗೋಡೆಯ ಹೊರಮೈಗೆ ಹೊದಿಸಿದ ಸೈಡಿಂಗ್ ಹಲಗೆ ಎಬ್ಬಿಸಿ, ಗೋಡೆಯೊಳಗಿನ ಮರದ ಕಂಬಗಳಾದ ಎರಡೆರಡು ಸ್ಟಡ್‌ಗಳ ನಡುವೆ ತೂತು ಕೊರೆದು, ಶೇವಿಂಗ್ ಕ್ರೀಮಿನಂಥ ನೊರೆ ತುಂಬಿಸಿ ಒಂದೇ ದಿನದಲ್ಲಿ ಮುಗಿಸಿ ಹೋದರು. ಆ ಚಳಿಗಾಲ ಕೋಣೆ ಬೆಚ್ಚಗಿತ್ತು, ಸುಳ್ಳು ಹೇಳುವುದಿಲ್ಲ. ಮೂರು ವರ್ಷ ಬಿಟ್ಟು ಅಡುಗೆಮನೆ ಹೊಸದು ಮಾಡಿಸಲು ಒಳಗಿನ ಪ್ಲಾಸ್ಟರ್ ತೆಗೆಸಿದಾಗ ನೋಡುತ್ತೇನೆ, ಫೋಮ್ ಒಣಗಿ ಕುಗ್ಗಿಹೋಗಿತ್ತು. ಸ್ಟಡ್ ಪಕ್ಕದಲ್ಲಿ ಮೇಲಿನಿಂದ ಕೆಳಗಿನವರೆಗೂ ನನ್ನ ಕಿರುಬೆರಳು ತೂರುವಷ್ಟು ಸಂದಿ. ಕಿಟಕಿಯ ಪಕ್ಕ ಒಂದು ಅಡ್ಡಮರ ಇತ್ತು, ಅದರ ಕೆಳಗೆ ಫೋಮ್ ಇಳಿದೇ ಇರಲಿಲ್ಲ. ಆ ಭಾಗ ಪೂರ್ತಿ ಖಾಲಿ. ದುಡ್ಡು ಕೊಟ್ಟು ತುಂಬಿಸಿದ ಗೋಡೆ ಹಾಗಿರುವುದನ್ನು ನೋಡಿ ಹೊಟ್ಟೆ ಉರಿಯಿತು.

ಇಂಥ ಕೆಲಸಕ್ಕೆ ಬಳಸುವ ಹಲವು ಫೋಮ್‌ಗಳಲ್ಲಿ ನೀರಿನಂಶ ಇರುತ್ತದೆ. ಅದು ಆರಿದಂತೆ ಫೋಮ್ ಕುಗ್ಗುತ್ತದೆ. ಇನ್ನೊಂದು ಜಾತಿ ಪಾಲಿಯುರೆಥೇನ್, ಅದು ಉಬ್ಬುವಂಥದ್ದು. ಮುಚ್ಚಿದ ಗೋಡೆಯೊಳಗೆ ಅಳತೆ ತಪ್ಪಿದರೆ ಒಳಗಿನ ಪ್ಲಾಸ್ಟರನ್ನೇ ಹೊರಕ್ಕೆ ತಳ್ಳಬಹುದು. ಯೂರಿಯಾ ಫಾರ್ಮಾಲ್ಡಿಹೈಡ್ ಎಂಬ ಫೋಮನ್ನು, ಅದು ಬಿಡುವ ಅನಿಲ ಆರೋಗ್ಯಕ್ಕೆ ಕೆಟ್ಟದ್ದೆಂದು, ಕೆನಡಾ 1980ರಲ್ಲೇ ನಿಷೇಧಿಸಿತು. ಅಮೆರಿಕದಲ್ಲಿ 1982ರಲ್ಲಿ ಬಂದ ನಿಷೇಧವನ್ನು ಮರುವರ್ಷ ಕೋರ್ಟ್ ರದ್ದು ಮಾಡಿತು. ಹಾಗಾಗಿ ಅವರು ತುಂಬಿಸುವುದು ಯಾವ ರಾಸಾಯನಿಕ ಅಂತ ಬರಹದಲ್ಲೇ ಕೇಳಿ ತೆಗೆದುಕೊಳ್ಳಿ.

ಅದಕ್ಕಿಂತ ಮುಖ್ಯ ನಿಮ್ಮ ವೈರಿಂಗ್. ಬೇಸ್‌ಮೆಂಟಿಗೆ ಇಳಿದು ಮೇಲೆ ಟಾರ್ಚ್ ಬಿಡಿ. ತೊಲೆಗಳಲ್ಲಿ ಪಿಂಗಾಣಿಯ ಬಿಳಿ ಗುಬುಟುಗಳು, ಅವುಗಳ ಮೇಲೆ ಒಂಟಿ ಒಂಟಿಯಾಗಿ ಹಾಯ್ದ ಕಪ್ಪು ವೈರು ಕಂಡರೆ ಅದು ನಾಬ್ ಅಂಡ್ ಟ್ಯೂಬ್ ಎಂಬ ಹಳೇ ಕಾಲದ ವೈರಿಂಗ್. ಸುತ್ತಲಿನ ಗಾಳಿಯಲ್ಲಿ ತಣ್ಣಗಾಗುವ ಲೆಕ್ಕದಲ್ಲಿ ಹಾಕಿದ ವೈರು ಅದು. ಅದನ್ನು ಫೋಮಿನಲ್ಲಾಗಲಿ ಬೇರೆ ಯಾವುದರಲ್ಲಾಗಲಿ ಹೂತರೆ ಬೆಂಕಿಯ ಅಪಾಯ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಗೋಡೆಯ ಮಾತು ಆಮೇಲೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದನ್ನೂ ಮರೆಯಬೇಡಿ: 1978ಕ್ಕಿಂತ ಹಿಂದಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು, ಕೊರೆದಾಗ ಏಳುವ ಧೂಳು ಮಕ್ಕಳಿಗೆ ವಿಷ. ಸೀಸದ ಕೆಲಸಕ್ಕೆ ಸರ್ಟಿಫಿಕೇಟ್ ಇದ್ದವರೇ ಬೇಕು.

ಇನ್ನು ಅಟ್ಟ. ಬಿಸಿಗಾಳಿ ಮೇಲೇರಿ ಅಟ್ಟದ ಬಿರುಕುಗಳಲ್ಲಿ ಸೋರಿಹೋಗುತ್ತಾ ಇರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆ ಗಾಳಿ ನುಗ್ಗುತ್ತದೆ. ಆ ಬಿರುಕು ಮುಚ್ಚಿಸಿ ಅಟ್ಟಕ್ಕೆ ದಪ್ಪಗೆ ಇನ್ಸುಲೇಶನ್ ಹಾಕಿಸುವುದು ಗೋಡೆಗಿಂತ ಅಗ್ಗ, ಫಲವೂ ಬೇಗ. ನಾವು ಉಲ್ಟಾ ಮಾಡಿದೆವು.

ಗೋಡೆಗೆ ನಾನಾದರೆ ಈಗ ಸೆಲ್ಯುಲೋಸ್ ಹಾಕಿಸುತ್ತೇನೆ. ಹಳೇ ಪತ್ರಿಕೆಗಳ ಪುಡಿಗೆ ಬೆಂಕಿ ತಡೆಯಲು ಬೋರೇಟ್ ಬೆರೆಸಿದ್ದು. ಉಳಿದ ಮೂರು ಗೋಡೆಗೆ ಅದನ್ನೇ ಹಾಕಿಸಿದ್ದೇವೆ. ತೂತು ಕೊರೆಯುವುದು ಇದಕ್ಕೂ ತಪ್ಪಿದ್ದಲ್ಲ. ಆದರೆ ಘನ ಅಡಿಗೆ ಸುಮಾರು 3.5 ಪೌಂಡ್ ಬರುವಂತೆ ಒತ್ತಿ ತುಂಬಿಸಿದರೆ ಕುಸಿಯುವುದಿಲ್ಲ, ಗಾಳಿಯನ್ನೂ ಚೆನ್ನಾಗಿ ತಡೆಯುತ್ತದೆ. ಗೋಡೆಯೊಳಗಿನ ಟೊಳ್ಳು 3.5 ಇಂಚು ಆಳವಿದ್ದರೆ ಸುಮಾರು ಆರ್-13 ಸಿಗುತ್ತದೆ (ಆರ್ ಅಂದರೆ ಶಾಖ ದಾಟದಂತೆ ತಡೆಯುವ ಶಕ್ತಿಯ ಅಳತೆ, ಹೆಚ್ಚಿದ್ದಷ್ಟೂ ಒಳ್ಳೆಯದು). ನಮ್ಮ ರಾಜ್ಯದ ಇಂಧನ ಉಳಿತಾಯ ಕಾರ್ಯಕ್ರಮ ಮಾಸ್ ಸೇವ್‌ನವರು ಮನೆ ಪರೀಕ್ಷೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಅವರನ್ನು ಮೊದಲು ಕರೆಸಿ.

ಯಾವುದನ್ನೇ ತುಂಬಿಸಿ, ಕೆಲಸ ಮುಗಿದ ಮೇಲೆ ಒಂದು ಚಳಿಯ ಬೆಳಗ್ಗೆ ಹೀಟರ್ ಓಡುತ್ತಿರುವಾಗ ಥರ್ಮಲ್ ಕ್ಯಾಮೆರಾ ಹಿಡಿದು ಗೋಡೆಗಳನ್ನೆಲ್ಲ ಒಳಗಿನಿಂದ ನೋಡಿ. ಖಾಲಿ ಉಳಿದ ಜಾಗ ತಣ್ಣನೆಯ ಪಟ್ಟೆಯಾಗಿ ಎದ್ದು ಕಾಣುತ್ತದೆ, ಕಿಟಕಿಯ ಕೆಳಗಂತೂ ತಪ್ಪದೆ ನೋಡಿ. ಕೊನೆಯ ಕಂತನ್ನು ಅದಾದ ಮೇಲೆ ಕೊಡುವುದಾಗಿ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.