ವೋಕಿಂಗ್ ಬರೀ ಮಲಗುವ ಊರಲ್ಲ, ಮೇಷ್ಟ್ರೇ

ಹಾಸನದ ನಿವೃತ್ತ ಮೇಷ್ಟ್ರೊಬ್ಬರು ನಮಗೆ ಬರೆದ ಪತ್ರದ ಸಾರ ಇಷ್ಟು: "ಮಗಳು ಅಳಿಯ ಇರುವ ಇಂಗ್ಲೆಂಡಿನ ವೋಕಿಂಗ್‌ನಲ್ಲಿ ಮೂರು ತಿಂಗಳು ಇದ್ದು ಬಂದೆ. ಬೆಳಿಗ್ಗೆ ಎಲ್ಲರೂ ರೈಲು ಹತ್ತಿ ಲಂಡನ್‌ಗೆ ಹೋಗುತ್ತಾರೆ, ರಾತ್ರಿ ಬಂದು ಮಲಗುತ್ತಾರೆ. ಅದಕ್ಕೆ ಚರಿತ್ರೆಯೂ ಇಲ್ಲ, ಜೀವವೂ ಇಲ್ಲ. ಅಂಥ ಊರಿನ ಕೌನ್ಸಿಲ್, ಅಂದರೆ ಅಲ್ಲಿಯ ನಗರಸಭೆ, ದಿವಾಳಿಯಾಯಿತು ಅಂತ ನೀವು ಪುಟಗಟ್ಟಲೆ ಬರೆದಿರಿ. ಸಂಬಳಗಾರರೇ ತುಂಬಿರುವ ಊರು ದಿವಾಳಿ ಆಗುವುದು ಹೇಗೆ? ಆದರೆ ನಮಗೇನು?"

ಮೇಷ್ಟ್ರೇ, ನಮಸ್ಕಾರ. ಬೆಳಗಿನ ಪ್ಲಾಟ್‌ಫಾರ್ಮ್ ಬಗ್ಗೆ ನೀವು ಹೇಳಿದ್ದು ಸರಿಯೇ. ಲಂಡನ್‌ನ ವಾಟರ್‌ಲೂ ಸ್ಟೇಷನ್‌ಗೆ ಸುಮಾರು 24 ಮೈಲಿ, ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಕೋವಿಡ್ ಆದಮೇಲೆ ತುಂಬಾ ಜನ ವಾರಕ್ಕೆ ಎರಡು ಮೂರು ದಿನ ಮಾತ್ರ ಹೋಗುತ್ತಾರೆ, ಆದರೂ ಆ ಊರು ರೈಲಿನ ಟೈಮ್‌ಟೇಬಲ್ ನೋಡಿಕೊಂಡೇ ಬದುಕುತ್ತದೆ. ಆದರೆ ಚರಿತ್ರೆ ಇಲ್ಲ ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಲಂಡನ್‌ನಲ್ಲಿ ಯಾವುದಕ್ಕೆಲ್ಲ ಜಾಗ ಸಾಲಲಿಲ್ಲವೋ ಅದೆಲ್ಲ ಬಂದು ಸೇರಿದ ಊರು ವೋಕಿಂಗ್. ದಿವಾಳಿಯ ಕಥೆಯೂ ಅದರ ಮುಂದುವರಿಕೆ ಅಂತಲೇ ನನಗೆ ಅನ್ನಿಸುತ್ತದೆ.

1838ರ ಮೇ ತಿಂಗಳಲ್ಲಿ ಲಂಡನ್‌ನಿಂದ ರೈಲು ಬಂದಾಗ ಸ್ಟೇಷನ್ ಸುತ್ತ ಊರೇ ಇರಲಿಲ್ಲ. ಹಳೇ ವೋಕಿಂಗ್ ಇದ್ದದ್ದು ಸುಮಾರು ಎರಡು ಮೈಲಿ ಆಚೆ, ವೇ ನದಿಯ ಹತ್ತಿರ. ಎಂಟನೇ ಹೆನ್ರಿ ಬಂದು ಉಳಿಯುತ್ತಿದ್ದ ಅರಮನೆಯ ಅವಶೇಷ ಈಗಲೂ ಆ ಕಡೆಯೇ ಇದೆ. ಸ್ಟೇಷನ್ ಕಟ್ಟಿದ್ದು ಕುರುಚಲು ಗಿಡದ ಬಯಲಿನಲ್ಲಿ. ನಮ್ಮ ಹಳ್ಳಿಗಳ ಗೋಮಾಳ ಇದೆಯಲ್ಲ, ಅಂಥದ್ದು: ಬಡವರು ದನ ಮೇಯಿಸಿ, ಒಲೆಗೆ ಬೇಕಾದ್ದು ಕಡಿದುಕೊಂಡು ಬರುತ್ತಿದ್ದ ಜಾಗ.

ಆ ಬಯಲಿನ ಮೇಲೆ ಮೊದಲು ಕಣ್ಣು ಬಿದ್ದದ್ದು ಹೆಣ ಹೂಳುವವರದು. 1848-49ರ ಕಾಲರಾದಲ್ಲಿ ಲಂಡನ್ ಒಂದರಲ್ಲೇ ಸುಮಾರು 14 ಸಾವಿರ ಜನ ಸತ್ತರು. ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗ ಇಲ್ಲ, ಹಳೆಯ ಹೆಣ ತೆಗೆದು ಹೊಸದನ್ನು ಹಾಕುವಂಥ ಸ್ಥಿತಿ. ಆಗ ಹುಟ್ಟಿದ ಲಂಡನ್ ನೆಕ್ರೋಪೊಲಿಸ್ ಕಂಪನಿ 1852ರಲ್ಲಿ ಪಾರ್ಲಿಮೆಂಟಿನಿಂದ ಕಾಯ್ದೆ ಮಾಡಿಸಿಕೊಂಡು ಎರಡು ಸಾವಿರ ಎಕರೆಗೂ ಜಾಸ್ತಿ ಜಾಗ ಕೊಂಡಿತು. 1854ರ ನವೆಂಬರ್‌ನಲ್ಲಿ ಬ್ರುಕ್‌ವುಡ್ ಸ್ಮಶಾನ ತೆರೆಯಿತು. ವಾಟರ್‌ಲೂ ಪಕ್ಕದಲ್ಲಿ ಸ್ಮಶಾನಕ್ಕೇ ಬೇರೆ ಸ್ಟೇಷನ್, ಅಲ್ಲಿಂದ ಹೆಣಗಳ ರೈಲು. ಅದರಲ್ಲೂ ಫಸ್ಟ್, ಸೆಕೆಂಡ್, ಥರ್ಡ್ ಕ್ಲಾಸು. ಜೊತೆಗೆ ಬಂದವರಿಗೆ ರಿಟರ್ನ್ ಟಿಕೆಟ್, ಶವಪೆಟ್ಟಿಗೆಗೆ ಒಂದು ಕಡೆಯ ಟಿಕೆಟ್. 1941ರ ಏಪ್ರಿಲ್‌ನಲ್ಲಿ ಜರ್ಮನ್ ಬಾಂಬು ಆ ಸ್ಟೇಷನ್ ಮೇಲೆ ಬೀಳುವವರೆಗೂ ಇದು ನಡೆಯಿತು.

ಆದರೆ ಕಂಪನಿ ಸ್ಮಶಾನಕ್ಕೆ ಬಳಸಿದ್ದು ಮೊದಲಿಗೆ 500 ಎಕರೆ ಮಾತ್ರ. ಉಳಿದದ್ದನ್ನು ಮಾರಲು ಅದು ಮತ್ತೆ ಪಾರ್ಲಿಮೆಂಟಿಗೆ ಹೋಗಿ ಅನುಮತಿ ತಂದಿತು. ಸತ್ತವರ ಹೆಸರಿನಲ್ಲಿ ತೆಗೆದುಕೊಂಡ ಜಾಗವನ್ನು ಬದುಕಿದ್ದವರಿಗೆ ಸೈಟು ಮಾಡಿ ಮಾರಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಅದು ಊರವರೆಲ್ಲ ಸೇರಿ ಬಳಸುತ್ತಿದ್ದ ಬಯಲು, ಹೂಳಲು ಜಾಗ ಬೇಕು ಎಂಬ ಕಾರಣಕ್ಕೆ ಅವರ ಕೈ ತಪ್ಪಿತ್ತು, ಆ ಕಾರಣವೇ ಬದಲಾದ ಮೇಲೂ ಅದು ಅವರಿಗೆ ವಾಪಸ್ ಬರಲಿಲ್ಲ. ಇವತ್ತಿನ ವೋಕಿಂಗ್ ಪೇಟೆ ಬೆಳೆದದ್ದು ಹೀಗೆ ಮಾರಾಟವಾದ ನೆಲದ ಮೇಲೆ.

ಸ್ಮಶಾನದ ಹಿಂದೆಯೇ ಉಳಿದವರೂ ಬಂದರು. ಕಾಯಿಲೆಯ ಕೈದಿಗಳಿಗೆ ಜೈಲು, ಮನೋರೋಗಿಗಳಿಗೆ ದೊಡ್ಡ ಆಸ್ಪತ್ರೆ, ವಯಸ್ಸಾದ ನಾಟಕದವರಿಗೆ ಆಶ್ರಯ. 1878ರಲ್ಲಿ ಶವ ಸುಡುವುದನ್ನು ಬಳಕೆಗೆ ತರಬೇಕೆಂದು ಹೊರಟ ಸಂಘದವರು ಇಲ್ಲಿ ಜಾಗ ಕೊಂಡರು, ಮಾರನೇ ವರ್ಷ ಪರೀಕ್ಷೆಗೆ ಒಂದು ಸತ್ತ ಕುದುರೆಯನ್ನು ಸುಟ್ಟರು. ಊರವರು ದೊಡ್ಡ ಗಲಾಟೆ ಎಬ್ಬಿಸಿದರು, ಗೃಹಮಂತ್ರಿಯೇ ತಡೆದರು. ಕೊನೆಗೆ 1885ರ ಮಾರ್ಚ್‌ನಲ್ಲಿ ಮೊದಲ ದಹನ ಆಯಿತು. ಆ ವರ್ಷ ಇಡೀ ಬ್ರಿಟನ್‌ನಲ್ಲಿ ಹೀಗೆ ಸುಟ್ಟದ್ದು ಮೂರೇ ಜನರನ್ನು. ಇವತ್ತು ಅಲ್ಲಿ ಹೂಳುವುದಕ್ಕಿಂತ ಸುಡುವುದೇ ಜಾಸ್ತಿ. ಆ ಬದಲಾವಣೆ ಶುರುವಾದದ್ದು ನೀವು ಚರಿತ್ರೆ ಇಲ್ಲ ಅಂದ ಊರಿನಲ್ಲಿ.

ನಾಟಕದವರ ಆಶ್ರಯ ಮುಚ್ಚಿದ ಮೇಲೆ ಆ ಕಟ್ಟಡವನ್ನು ಕೊಂಡವರು ಲೈಟ್ನರ್, ಲಾಹೋರಿನ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಪಂಡಿತ. ಪೂರ್ವದೇಶಗಳ ಭಾಷೆ ಕಲಿಸುವ ಸಂಸ್ಥೆ ಕಟ್ಟಿದರು. ಅದರ ಪಕ್ಕದಲ್ಲೇ 1889ರಲ್ಲಿ ಮಸೀದಿ ಎದ್ದಿತು, ಭೋಪಾಲದ ಶಾಹಜಹಾನ್ ಬೇಗಂ ದುಡ್ಡು ಕೊಟ್ಟರು, ಅದಕ್ಕೇ ಅದು ಶಾಹಜಹಾನ್ ಮಸೀದಿ. ಮಸೀದಿಯಾಗಲೆಂದೇ ಕಟ್ಟಿದ ಬ್ರಿಟನ್‌ನ ಮೊದಲ ಕಟ್ಟಡ ಅದು. ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಸತ್ತ ನಮ್ಮ ದೇಶದ ಮುಸ್ಲಿಂ ಸೈನಿಕರನ್ನು ಪಕ್ಕದ ಹಾರ್ಸೆಲ್ ಬಯಲಿನಲ್ಲಿ ಹೂತರು. 1960ರ ದಶಕದ ಕೊನೆಗೆ ಅವರ ಅವಶೇಷಗಳನ್ನು ಬ್ರುಕ್‌ವುಡ್‌ಗೆ ಒಯ್ದರು. ಆ ಜಾಗ ಈಗ ಶಾಂತಿ ಉದ್ಯಾನ. ಮಗಳ ಮನೆಯಿಂದ ನಡೆದುಕೊಂಡೇ ಹೋಗಬಹುದಿತ್ತೇನೋ.

ನಮಗೇನು ಅಂತ ಕೇಳಿದಿರಲ್ಲ. ಬ್ರುಕ್‌ವುಡ್‌ನ ಪಾರ್ಸಿಗಳ ಭಾಗದಲ್ಲಿ ಜಮ್‌ಷೆಡ್‌ಜಿ ಟಾಟಾ ಅವರ ಸಮಾಧಿ ಇದೆ. 1904ರಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡರು, ಸಮಾಧಿ ಆದದ್ದು ಇಲ್ಲಿ. ಅವರ ಇಬ್ಬರು ಗಂಡುಮಕ್ಕಳೂ ಅಲ್ಲೇ ಇದ್ದಾರೆ. ಮೈಸೂರು ಸಂಸ್ಥಾನ 371 ಎಕರೆ ಜಾಗ ಕೊಟ್ಟು 1909ರಲ್ಲಿ ಬೆಂಗಳೂರಿನಲ್ಲಿ ಶುರುವಾದ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಅವರು ಕಂಡ ಕನಸು, ಅದು ಏಳುವುದನ್ನು ನೋಡಲು ಅವರು ಉಳಿಯಲಿಲ್ಲ. ಅಲ್ಲಿಗೆ ಹೋಗಿ ಒಂದು ಹೂವು ಇಡಲು ಹಾಸನದ ಮೇಷ್ಟ್ರಿಗಿಂತ ಜಾಸ್ತಿ ಕಾರಣ ಯಾರಿಗಿದೆ?

ನೀವು ನೋಡಿದ, ಲಂಡನ್‌ಗೆ ದಿನಾ ಓಡಾಡುವವರ ವೋಕಿಂಗ್ ಇದರ ಮೇಲೆ ಬೆಳೆದದ್ದು. 1937ರಲ್ಲಿ ಪೋರ್ಟ್ಸ್‌ಮತ್ ದಾರಿಗೆ ವಿದ್ಯುತ್ ರೈಲು ಬಂದಮೇಲೆ ಓಡಾಟ ಇನ್ನೂ ಸಲೀಸಾಯಿತು. ಎರಡನೇ ಯುದ್ಧದ ನಂತರ ಲಂಡನ್‌ನ ಕೌಂಟಿ ಕೌನ್ಸಿಲ್ಲು ಮನೆಯಿಲ್ಲದ ತನ್ನ ಜನರಿಗಾಗಿ ಇಲ್ಲಿ ಶೀರ್‌ವಾಟರ್ ಎಂಬ ಬಡಾವಣೆ ಕಟ್ಟಿತು, ಸಾವಿರಕ್ಕೂ ಜಾಸ್ತಿ ಮನೆಗಳು. ಮುಂದೆ ಪಾಕಿಸ್ತಾನದಿಂದ ಬಂದ ಕುಟುಂಬಗಳು ಆ ಕಡೆ, ಮಸೀದಿಯ ಸುತ್ತ ನೆಲೆಸಿದವು. ಇವರಲ್ಲಿ ತುಂಬಾ ಜನ ಲಂಡನ್‌ಗೆ ದಿನಾ ಹೋಗುವವರಲ್ಲ. ಇಲ್ಲೇ ದುಡಿದು, ಇಲ್ಲೇ ಮಕ್ಕಳನ್ನು ಓದಿಸಿ, ಇಲ್ಲೇ ಮುದುಕರಾಗುವವರು. ಎಂಟು ಗಂಟೆಯ ಪ್ಲಾಟ್‌ಫಾರ್ಮ್ ನೋಡಿದವರ ಕಣ್ಣಿಗೆ ಇವರು ಬೀಳುವುದಿಲ್ಲ.

ಈಗ ದಿವಾಳಿಗೆ ಬರೋಣ. ಇಂಗ್ಲೆಂಡಿನಲ್ಲಿ ಕೌನ್ಸಿಲ್ಲು ನಮ್ಮ ಅಂಗಡಿಯವರ ಹಾಗೆ ದಿವಾಳಿ ಆಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲ, ಕಾನೂನು ಮಾಡಲೇಬೇಕು ಅಂದದ್ದು ಬಿಟ್ಟು ಹೊಸ ಖರ್ಚು ಬಂದ್ ಅಂತ ಹಣಕಾಸಿನ ಅಧಿಕಾರಿ ನೋಟಿಸ್ ಕೊಡುತ್ತಾರೆ. ವೋಕಿಂಗ್‌ನಲ್ಲಿ ಅದು 2023ರ ಜೂನ್‌ನಲ್ಲಿ ಆಯಿತು. ಕೊರತೆಯ ಅಂದಾಜು ಸುಮಾರು 120 ಕೋಟಿ ಪೌಂಡ್. ಆ ವರ್ಷ ಖರ್ಚಿಗೆ ಅದರ ಕೈಯಲ್ಲಿದ್ದ ಮೂಲ ಹಣ 1.6 ಕೋಟಿ ಪೌಂಡ್. ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿ, ನಾವು ಯಾಕೆ ಪುಟಗಟ್ಟಲೆ ಬರೆದೆವು ಅಂತ ಗೊತ್ತಾಗುತ್ತದೆ.

ಆದದ್ದು ಇಷ್ಟು. 2010ರ ನಂತರ ದೇಶದ ಕೇಂದ್ರ ಸರ್ಕಾರ ಸ್ಥಳೀಯ ಸಂಸ್ಥೆಗಳ ಅನುದಾನ ಕಡಿಮೆ ಮಾಡುತ್ತಾ ಬಂತು. ಅದೇ ಸರ್ಕಾರದ ಸಾಲದ ಮಂಡಳಿಯಲ್ಲಿ ಮಾತ್ರ ಕಡಿಮೆ ಬಡ್ಡಿಗೆ ಸಾಲ ಸಿಗುತ್ತಿತ್ತು. ಕೌನ್ಸಿಲ್ಲು ಸಾಲ ಎತ್ತಿ ತನ್ನದೇ ಕಂಪನಿಗಳಿಗೆ ಕೊಟ್ಟಿತು, ಪೇಟೆ ನಡುವೆ ವಿಕ್ಟೋರಿಯಾ ಸ್ಕ್ವೇರ್ ಅಂತ ಮೂವತ್ತು ಮಹಡಿ ಮೀರಿದ ಗೋಪುರ, ಹೋಟೆಲು, ಅಂಗಡಿ ಸಾಲು ಎಬ್ಬಿಸಿತು. ಬಾಡಿಗೆ ಬರುತ್ತದೆ, ಸಾಲ ತೀರುತ್ತದೆ ಅಂತ ಲೆಕ್ಕ. ಅಸಲಿಗಾಗಿ ವರ್ಷವರ್ಷ ಎತ್ತಿಡಬೇಕಾದಷ್ಟು ದುಡ್ಡು ಎತ್ತಿಡಲಿಲ್ಲ. ಕಟ್ಟಡದ ಬೆಲೆ ಸಾಲಕ್ಕಿಂತ ಎಷ್ಟೋ ಕೆಳಗೆ ಬಂತು.

ಸಂಬಳಗಾರರ ಊರು ಅಂದಿರಿ. ಅವರ ಸಂಬಳದ ಆದಾಯ ತೆರಿಗೆ ಹೋಗುವುದು ದೇಶದ ಖಜಾನೆಗೆ ಮೇಷ್ಟ್ರೇ, ವೋಕಿಂಗ್ ಕೌನ್ಸಿಲ್ಲಿಗಲ್ಲ. ಅದಕ್ಕೆ ಸಿಗುವುದು ಮನೆಗಳ ಮೇಲಿನ ಕೌನ್ಸಿಲ್ ಟ್ಯಾಕ್ಸ್, ಅದರಲ್ಲೂ ದೊಡ್ಡ ಪಾಲು ಸರ್ರೆ ಜಿಲ್ಲೆಯ ಕೌನ್ಸಿಲ್ಲಿಗೆ ಹೋಗುತ್ತದೆ. ಆ ಸಣ್ಣ ಪಾಲನ್ನೇ 2024ರಲ್ಲಿ ಶೇ 9.99ರಷ್ಟು ಏರಿಸಿದರು. ಸಾರ್ವಜನಿಕ ಶೌಚಾಲಯ, ಆಟದ ಮೈದಾನದ ಕಟ್ಟಡ, ಸಂಘ ಸಂಸ್ಥೆಗಳ ಅನುದಾನ, ಎಲ್ಲದಕ್ಕೂ ಕತ್ತರಿ ಬಿತ್ತು. ಶೀರ್‌ವಾಟರ್‌ನಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟುತ್ತೇವೆ ಅಂತ ಹೊರಟ ಯೋಜನೆ ನಡುವೆಯೇ ಮೊಟಕಾಯಿತು, ಅದಕ್ಕಾಗಿ ಎಷ್ಟೋ ಜನ ಮನೆ ಬಿಟ್ಟುಕೊಟ್ಟಿದ್ದರು. ವಾಟರ್‌ಲೂಗೆ ಹೋಗುವವರಿಗೆ ಪೇಟೆಯ ಶೌಚಾಲಯ ಮುಚ್ಚಿದ್ದು ದೊಡ್ಡ ವಿಷಯ ಅಲ್ಲದಿರಬಹುದು. ಬಸ್ಸಿನಲ್ಲಿ ಮಾರುಕಟ್ಟೆಗೆ ಬರುವ ಎಪ್ಪತ್ತು ದಾಟಿದ ಹೆಂಗಸಿಗೆ ಅದು ಮನೆಯಿಂದ ಹೊರಡಬೇಕೋ ಬೇಡವೋ ಅನ್ನುವ ವಿಷಯ. ನನ್ನ ಸಿಟ್ಟು ಇರುವುದು ಇದರ ಮೇಲೆ. ತೀರ್ಮಾನ ಮಾಡಿದವರು ಬೇರೆ, ದಿನದಿನ ಅನುಭವಿಸುವವರು ಬೇರೆ.

2025ರ ಅಕ್ಟೋಬರ್‌ನಲ್ಲಿ ಸರ್ಕಾರ ವೋಕಿಂಗ್‌ನ ಸಾಲದಲ್ಲಿ 50 ಕೋಟಿ ಪೌಂಡ್ ತಾನೇ ತೀರಿಸುತ್ತೇನೆ ಅಂದಿದೆ. ಜೊತೆಗೆ ಸರ್ರೆಯ ಕೌನ್ಸಿಲ್ಲುಗಳನ್ನೆಲ್ಲ ರದ್ದು ಮಾಡಿ ಪೂರ್ವ, ಪಶ್ಚಿಮ ಅಂತ ಎರಡೇ ಮಾಡುವ ತೀರ್ಮಾನವೂ ಆಗಿದೆ. ವೋಕಿಂಗ್ ಪಶ್ಚಿಮಕ್ಕೆ ಸೇರುತ್ತದೆ, ಉಳಿದ ಸಾಲವೂ ಅದರ ಹಿಂದೆಯೇ ಹೋಗುತ್ತದೆ. ಅಕ್ಕಪಕ್ಕದ ಊರಿನವರು ನಾವ್ಯಾಕೆ ಕಟ್ಟಬೇಕು ಅಂತ ಕೇಳುತ್ತಿದ್ದಾರೆ, ಅವರು ಕೇಳುವುದೂ ನ್ಯಾಯವೇ.

ಮುಂದಿನ ಸಲ ಹೋದಾಗ ಒಂದು ದಿನ ಶೀರ್‌ವಾಟರ್ ಕಡೆ ಹೋಗಿ ಬನ್ನಿ, ಅಲ್ಲಿಯ ನಾಲ್ಕು ಜನರನ್ನು ಮಾತಾಡಿಸಿ. ಮಗಳ ಹತ್ತಿರ ಕೌನ್ಸಿಲ್ ಟ್ಯಾಕ್ಸ್ ಬಿಲ್ ಇಸಿದುಕೊಂಡು, ಯಾವ ದುಡ್ಡು ಯಾರಿಗೆ ಹೋಗುತ್ತದೆ ಅಂತ ನೋಡಿ ನಮಗೆ ಬರೆಯಿರಿ. ಹೆಸರು ವಿಳಾಸ ಬಿಟ್ಟು ಖಂಡಿತ ಪ್ರಕಟಿಸುತ್ತೇವೆ.

- ಸಂಪಾದಕ