ಡಮಾಮಿಯ ಸದ್ದು, ಮನೆಯ ಒಳಗಿನಿಂದ

ಪ್ರಶ್ನೆ: 2024ರ ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಕ್ಕೆ ಹೋಗಿದ್ದಾಗ ಜಯನ್ ಚೆರಿಯನ್ ಅವರ ‘ರಿದಮ್ ಆಫ್ ದಮ್ಮಾಮ್’ ನೋಡಿದೆ. ನಮ್ಮದೇ ಜಿಲ್ಲೆಯ, ಆಫ್ರಿಕ ಮೂಲದ ಸಿದ್ದಿಗಳ ಚಿತ್ರ. ಅಂದಿನಿಂದ ಕಂಡವರ ಮುಂದೆಲ್ಲ ಅದನ್ನೇ ಹೊಗಳುತ್ತಿದ್ದೇನೆ. ನಮ್ಮದು ಕೊಂಕಣಿ ಮನೆಮಾತು. ಮನೆಯಲ್ಲಿ ಮಾತ್ರ ‘ಪಾಪದವರ ಕಥೆಯೆಂದು ನಿನಗೆ ಕನಿಕರ, ಅದಕ್ಕೇ ಹಿಡಿಸಿದೆ’ ಎನ್ನುತ್ತಾರೆ. ನನ್ನ ಮೆಚ್ಚುಗೆ ಬರಿಯ ಕನಿಕರವೇ?
– ಓದುಗರೊಬ್ಬರು, ಕಾರವಾರ

ಉತ್ತರ: ನಾನೂ ಆ ಚಿತ್ರದ ಅಭಿಮಾನಿಯೇ, ಆದ್ದರಿಂದ ನನ್ನ ತೀರ್ಪನ್ನು ನಿಷ್ಪಕ್ಷಪಾತವೆಂದು ಎಣಿಸಬೇಡಿ. ಕನಿಕರ ಹುಟ್ಟಿಸಲೆಂದೇ ಮಾಡಿದ ಚಿತ್ರಗಳಲ್ಲಿ ಭಾರವೆಲ್ಲ ಒಬ್ಬ ಕ್ರೂರ ಒಡೆಯನ ಮೇಲೆ ಬೀಳುತ್ತದೆ. ನಾವು ಖುರ್ಚಿಯಲ್ಲಿ ಕೂತು ಅವನಿಗೆ ಶಾಪ ಹಾಕಿ, ಚಿಕ್ಕಾಸು ಖರ್ಚಿಲ್ಲದೆ ಒಳ್ಳೆಯವರಾಗಿ ಎದ್ದು ಬರುತ್ತೇವೆ. ಇಲ್ಲಿ ಭಾರ ಹೊತ್ತವನು ಹುಡುಗ ಜಯರಾಮ. ಅಜ್ಜ ತೀರಿಕೊಂಡಿದ್ದಾನೆ, ಆದರೆ ಮೊಮ್ಮಗನನ್ನು ಬಿಟ್ಟುಹೋಗಿಲ್ಲ. ಮನೆಯವರಿಗೆ ಅದು ಗಾಳಿ ಸೋಕಿದಂತೆ ಕಾಣುತ್ತದೆ; ಹುಡುಗನಿಗೋ, ತನ್ನವರು ಯಾರು, ಎಲ್ಲಿಂದ ಬಂದವರು ಎಂಬ ಪ್ರಶ್ನೆಯೇ ಕನಸಾಗಿ ಬಂದು, ಗುಲಾಮಗಿರಿಯ ಕಾಲದವರೆಗೂ ಎಳೆದೊಯ್ಯುತ್ತದೆ.

ಈ ಪ್ರಶ್ನೆ ನಮಗೆ ಹೊಸದಲ್ಲ. ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ಸಿದ್ದಿ ಹುಡುಗನೊಬ್ಬನನ್ನು ಕಂಡ ಪ್ರವಾಸಿ ‘ನಿನ್ನದು ಯಾವ ದೇಶ’ ಎಂದು ಕೇಳುವುದೂ, ಅವನು ‘ಇಲ್ಲೇ, ಯಲ್ಲಾಪುರ’ ಎಂದು ಶುದ್ಧ ಕನ್ನಡದಲ್ಲಿ ಹೇಳಿದಾಗ ಸುತ್ತಲಿನವರು ನಗುವುದೂ ನಮ್ಮ ಕಡೆಯ ನಿತ್ಯದ ತಮಾಷೆ. ನಾವು ಹಗುರವಾಗಿ ಎಸೆಯುವ ಆ ಪ್ರಶ್ನೆಯನ್ನು ಚಿತ್ರ ಹುಡುಗನ ಒಳಗಿನಿಂದ ಕೇಳಿಸುತ್ತದೆ, ಮತ್ತು ಅದರ ತೂಕ ಆಗ ಗೊತ್ತಾಗುತ್ತದೆ. ಪೋರ್ಚುಗೀಸರು ಪೂರ್ವ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿ, ಹಳಿಯಾಳ, ಯಲ್ಲಾಪುರ, ಅಂಕೋಲಾ, ಮುಂಡಗೋಡದ ಕಡೆ ನೆಲೆಸಿದರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. ಮನೆಯಲ್ಲಿ ಆಡುವುದು ಮರಾಠಿ, ಕನ್ನಡ ಬೆರೆತ ಕೊಂಕಣಿ.

ಇಲ್ಲಿ ನಿಮ್ಮ ಮನೆಯವರಿಗೆ ಒಂದು ಮಾತು. ಕಾರವಾರದ ಎಷ್ಟೋ ಕೊಂಕಣಿ ಕುಟುಂಬಗಳ ಹಿರಿಯರು ಇದೇ ಗೋವಾದಿಂದ, ಇದೇ ಪೋರ್ಚುಗೀಸರ ಕಾಟ ತಾಳಲಾರದೆ, ದೇವರನ್ನು ಕಟ್ಟಿಕೊಂಡು ಕಾಳಿ ನದಿ ದಾಟಿ ಬಂದವರು. ಊರು ಒಂದೇ, ಕಾಟ ಕೊಟ್ಟವರೂ ಒಬ್ಬರೇ. ಒಂದು ವಲಸೆಯನ್ನು ಕುಲದ ಹೆಮ್ಮೆಯೆಂದು ಮದುವೆ ಮನೆಗಳಲ್ಲಿ ಹೇಳಿಕೊಳ್ಳುತ್ತೇವೆ, ಇನ್ನೊಂದಕ್ಕೆ ‘ಯಾವ ದೇಶ’ ಎನ್ನುತ್ತೇವೆ. ನಿಮಗೆ ಚಿತ್ರ ನಾಟಿದ್ದು ಅದು ನಿಮ್ಮ ಅಜ್ಜಿಯ ಕಥೆಗೂ ತಗುಲಿದ್ದರಿಂದ ಇರಬಹುದು. ಅದು ಕನಿಕರವಲ್ಲ, ನೆಂಟಸ್ತಿಕೆ.

ಇನ್ನು ಡಮಾಮಿ, ಚಿತ್ರದ ಹೆಸರಿನಲ್ಲಿರುವ ‘ದಮ್ಮಾಮ್’. ಮರದ ಹೊಟ್ಟೆಗೆ ಚರ್ಮ ಬಿಗಿದ ಆ ವಾದ್ಯವನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರುವುದು ಉತ್ಸವಗಳ ವೇದಿಕೆಯ ಮುಂದೆ ಕೂತು, ಎಲೆಯುಡುಗೆ ತೊಟ್ಟ ತಂಡದವರು ಹತ್ತು ನಿಮಿಷ ಕುಣಿದು ಹೋಗುವಾಗ. ಕುಣಿತ ಮುಗಿದೊಡನೆ ನಿರೂಪಕರು ‘ಆಫ್ರಿಕದ ಸೊಗಡು’ ಎಂದು ಹೊಗಳುತ್ತಾರೆ. ಚಿತ್ರದಲ್ಲಿ ಅದೇ ಸದ್ದು ಸತ್ತವರಿಗೂ ಬದುಕಿರುವವರಿಗೂ ನಡುವಣ ಮಾತುಕತೆಯಾಗಿ ಬರುತ್ತದೆ, ಮತ್ತು ಮೆಚ್ಚಿಸಲು ಎದುರಿಗೆ ಪ್ರೇಕ್ಷಕರಿಲ್ಲ. ಪೂರ್ವಗ್ರಹವೆಂದರೆ ಬೈಗುಳವೊಂದೇ ಅಲ್ಲ, ಹೊಗಳಿಕೆಯಲ್ಲಿಯೂ ಅದು ಕೂತಿರುತ್ತದೆ. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಓಟಗಾರರಾಗಿಸಲು ಆರಿಸಿಕೊಂಡಿತ್ತು. ಆಫ್ರಿಕದ ಮೈಕಟ್ಟು ಪದಕ ತರುತ್ತದೆಂಬ ಲೆಕ್ಕ ಅದರ ಹಿಂದಿತ್ತು. ಮಕ್ಕಳು ಚೆನ್ನಾಗಿಯೇ ಓಡಿದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿನಂಚಿನ ಮನೆಗಳಿಗೆ ಮರಳಿದರು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದಿಂದ ಒಬ್ಬರು, ಶಾಂತಾರಾಮ ಸಿದ್ದಿ, ವಿಧಾನ ಪರಿಷತ್ತು ಪ್ರವೇಶಿಸಲು 2020ರವರೆಗೆ ಕಾಯಬೇಕಾಯಿತು.

ಪ್ರಶ್ನೆ: ನಿರ್ದೇಶಕರು ಕೇರಳ ಮೂಲದವರು, ಅಮೆರಿಕದಲ್ಲಿ ಇರುವವರು. ನಮ್ಮ ಘಟ್ಟದ ಮೇಲಿನ ಬದುಕು ಹೊರಗಿನವರಿಗೆ ಎಷ್ಟು ತಿಳಿದೀತು? ಇದೂ ಒಂದು ವಿಧದ ಪ್ರದರ್ಶನವಲ್ಲವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಸಂದೇಹ ನ್ಯಾಯವಾದದ್ದೇ. ನನಗೂ ಗುಲಾಮಗಿರಿಯ ಕನಸಿನ ಭಾಗಗಳಿಗಿಂತ ಮನೆಯ ಅಂಗಳದ ದೃಶ್ಯಗಳೇ ಹೆಚ್ಚು ನಂಬುವಂತೆ ಕಂಡವು. ಇತಿಹಾಸವನ್ನು ಹುಡುಗನ ಕನಸಿಗೆ ಹೊರಿಸಿದಾಗ ಹೊರೆ ಸ್ವಲ್ಪ ಹೆಚ್ಚಾಯಿತೇನೋ. ಆದರೆ ಒಂದನ್ನು ಗಮನಿಸಿ: ತೆರೆಯ ಮೇಲಿರುವವರು ಸಿದ್ದಿ ಸಮುದಾಯದವರೇ, ಮುಖಕ್ಕೆ ಮಸಿ ಬಳಿದುಕೊಂಡ ಪೇಟೆಯ ನಟರಲ್ಲ. ಇದೇ ನಿರ್ದೇಶಕರ ಮೊದಲಿನ ಚಿತ್ರ ‘ಪಾಪಿಲಿಯೋ ಬುದ್ಧ’ ದಲಿತರ ಭೂಮಿ ಹೋರಾಟದ್ದು, ಅದಕ್ಕೆ ಸೆನ್ಸಾರ್ ಮಂಡಳಿ ಮೊದಲು ಪ್ರಮಾಣಪತ್ರವನ್ನೇ ನಿರಾಕರಿಸಿತ್ತು. ಎಂದರೆ ಇವರು ಬಣ್ಣಬಣ್ಣದ ಕುಣಿತಕ್ಕೆ ಮರುಳಾಗಿ ಕ್ಯಾಮೆರಾ ಹೊತ್ತು ಬಂದವರಲ್ಲ. ಅಲ್ಲದೆ, ಶಿರಸಿಯಲ್ಲಿಯೂ ಸಾಗರದಲ್ಲಿಯೂ ಇಷ್ಟೊಂದು ರಂಗಾಸಕ್ತರಿದ್ದೂ ಈ ಕಥೆಗೆ ಹೊರಗಿನವರೇ ಬರಬೇಕಾಯಿತಲ್ಲ! ಅದಕ್ಕೆ ಅವರನ್ನು ದೂರಿ ಫಲವಿಲ್ಲ.

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರ ಶಿಕ್ಷಕಿ. ನಮ್ಮಲ್ಲಿ ಸಿದ್ದಿ ಮಕ್ಕಳನ್ನು ಕೂದಲು, ಬಣ್ಣ ಹಿಡಿದು ಅಡ್ಡಹೆಸರಿನಿಂದ ಕರೆಯುವುದು ರೂಢಿ. ಕೆಲವು ಶಿಕ್ಷಕರೂ ಹಾಗೆಯೇ ಕರೆಯುತ್ತಾರೆ. ಅವಕಾಶ ಸಿಕ್ಕರೆ ಈ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದೇ?
– ಓದುಗರೊಬ್ಬರು

ಉತ್ತರ: ತೋರಿಸಬಹುದು, ದೊಡ್ಡ ತರಗತಿಗಳಿಗೆ. ಚಿತ್ರ ಮುಗಿದ ಮೇಲೆ ಸಿದ್ದಿ ಮಕ್ಕಳನ್ನು ಎಬ್ಬಿಸಿ ‘ನಿಮ್ಮ ಅನುಭವ ಹೇಳಿ’ ಎನ್ನಬೇಡಿ, ಕುಣಿಯಲಂತೂ ಹೇಳಲೇಬೇಡಿ. ಅಜ್ಜನ ಅಜ್ಜ ಎಲ್ಲಿಂದ ಬಂದರೆಂದು ಮನೆಯಲ್ಲಿ ಕೇಳಿಕೊಂಡು ಬರುವಂತೆ ಇಡೀ ತರಗತಿಗೆ ತಿಳಿಸಿ. ಗೌಳಿ ಮಕ್ಕಳು ಮಹಾರಾಷ್ಟ್ರ ಎಂದಾರು, ಹವ್ಯಕ ಮಕ್ಕಳು ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದ ಕಥೆ ಹೇಳಿಯಾರು, ಕೊಂಕಣಿ ಮಕ್ಕಳು ಗೋವಾ ಎಂದಾರು. ಅವೆಲ್ಲವನ್ನೂ ಕರಿಹಲಗೆಯ ಮೇಲೆ ಸಾಲಾಗಿ ಬರೆಸಿ, ಸಿದ್ದಿ ಮಕ್ಕಳ ಉತ್ತರವೂ ಆ ಸಾಲಿನಲ್ಲಿಯೇ ಇರಲಿ. ಅಡ್ಡಹೆಸರುಗಳ ವಿಷಯಕ್ಕೆ ಮಾತ್ರ ಚಿತ್ರ ಸಿಗುವವರೆಗೆ ಕಾಯಬೇಡಿ. ಅದನ್ನು ನಾಳೆಯೇ ನಿಲ್ಲಿಸಬಹುದು, ಮೊದಲು ಶಿಕ್ಷಕರ ಕೊಠಡಿಯಲ್ಲಿ.