ಬಾಣಲೆ ಬಿಲ್ಲಿನಲ್ಲಿ ಬಸ್ಸಿನ ಪಾಲು

ಪ್ರಶ್ನೆ: ಮಗನ ಮನೆಗೆಂದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ಗೆ ಹೋಗಿದ್ದೆ. 20 ಡಾಲರ್ ಬಾಣಲೆಗೆ ಮೇಲೆ ತೆರಿಗೆ ಹಾಕಿದರು. ಅದರಲ್ಲಿ ಸ್ವಲ್ಪ ಬಸ್ಸಿಗೆ ಹೋಗುತ್ತದೆ ಎಂದ ಮಗ. ನಿಜವೇ?
– ಒಬ್ಬ ಓದುಗರು, ತುಮಕೂರು

ಉತ್ತರ: ನಿಜ ಅಮ್ಮಾ. ಸನ್ನಿವೇಲ್ ಇರುವುದು ಸಾಂಟಾ ಕ್ಲಾರಾ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಅಲ್ಲಿ ಬಸ್ಸು, ಲೈಟ್ ರೈಲು ಓಡಿಸುವುದೂ ರಸ್ತೆ ಕೆಲಸಕ್ಕೆ ಹಣ ಹಂಚುವುದೂ ವಿಟಿಎ ಎಂಬ ಒಂದೇ ಸಂಸ್ಥೆ. ಟಿಕೆಟ್ ದುಡ್ಡು ಖರ್ಚಿನ ಸಣ್ಣ ಪಾಲಷ್ಟೇ. ದೊಡ್ಡ ಆಸರೆ ಮಾರಾಟ ತೆರಿಗೆ.

ಆ ತೆರಿಗೆಯನ್ನು ಸುಮ್ನೆ ಹಾಕುವಂತಿಲ್ಲ. ಜನರೇ ಮತ ಹಾಕಿ ಒಪ್ಪಬೇಕು. 1976ರಲ್ಲಿ ಡಾಲರಿಗೆ ಅರ್ಧ ಸೆಂಟ್ ಒಪ್ಪಿದರು. 2016ರಲ್ಲಿ ಇನ್ನೊಂದು ಅರ್ಧ ಸೆಂಟ್, 30 ವರ್ಷಕ್ಕೆ. ಆಗ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸುಮಾರು 72% ಬಂತು. ಯಾವುದಕ್ಕೆ ಎಷ್ಟು ಎಂದು ಮೊದಲೇ ಬರೆದಿಟ್ಟಿದ್ದರು: ಊರಿನ ಗುಂಡಿ ಬಿದ್ದ ರಸ್ತೆಗಳಿಗೇ 120 ಕೋಟಿ ಡಾಲರ್! ಮತ ಹಾಕುವ ಮೊದಲೇ ಲೆಕ್ಕ ಕೈಯಲ್ಲಿರುವುದು ನನಗೆ ತುಂಬಾ ಹಿಡಿಸಿದ ವಿಷಯ.

ನಿಮ್ಮ ಬಾಣಲೆಯಿಂದ 2016ರ ಪಾಲು 10 ಸೆಂಟ್. ಅಕ್ಕಿ, ಬೇಳೆಗೆ ಈ ತೆರಿಗೆ ಇಲ್ಲ.

ನಾನು ಅಲ್ಲಿದ್ದಾಗ ಎಲ್ ಕ್ಯಾಮಿನೊ ರಸ್ತೆಯ 22ನೇ ನಂಬರ್ ಬಸ್ಸೇ ನನ್ನ ಕಾಲು. ರಾತ್ರಿ ಹೋಟೆಲ್ ಕೆಲಸ ಮುಗಿಸಿ ಬರುವವರು ಅದರಲ್ಲೇ ತೂಕಡಿಸುತ್ತಿದ್ದರು. ಆ 10 ಸೆಂಟ್ ಅವರನ್ನು ಮನೆ ಸೇರಿಸುತ್ತದೆ ಅಮ್ಮಾ.

ವಿಟಿಎ ಮಂಡಳಿಯ ಸಭೆಗೆ ಯಾರು ಬೇಕಾದರೂ ಹೋಗಿ ಮಾತಾಡಬಹುದು. ಮಗನಿಗೆ ಹೇಳಿ, ಒಮ್ಮೆ ಹೋಗಲಿ.